ಇಂಪ್ಯಾಕ್ಟ್‌ನಂತಹ ದಪ್ಪ, ಕಿರಿದಗಲದ ಫಾಂಟಿಗೆ ಕನ್ನಡ ಶೀರ್ಷಿಕೆಯನ್ನು ಜೋಡಿಸುವುದು ಹೇಗೆ?

ಪ್ರಶ್ನೆ | ರಂಗಪರದೆ
ನಮ್ಮ ಹವ್ಯಾಸಿ ನಾಟಕ ತಂಡಕ್ಕಾಗಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಭಿತ್ತಿಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಇಂಗ್ಲಿಷ್ ಶೀರ್ಷಿಕೆಗೆ ಬಳಸಿರುವ ಇಂಪ್ಯಾಕ್ಟ್ ದೂರದಿಂದಲೂ ಗಟ್ಟಿಯಾಗಿ ಕಾಣುತ್ತದೆ. ಆದರೆ ಕನ್ನಡ ಶೀರ್ಷಿಕೆಯನ್ನು ಕೋರಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಅಡ್ಡಕ್ಕೆ ಶೇ. 60ರಷ್ಟಕ್ಕೆ ಕುಗ್ಗಿಸಿದರೆ ಅಕ್ಷರಗಳು ಸೊರಗಿಹೋಗುತ್ತವೆ. ಇದಕ್ಕೆ ಪರಿಹಾರವೇನು? ಸ್ಥಳ, ಸಮಯದ ಸಾಲಿಗೂ ಇಂಪ್ಯಾಕ್ಟ್ ಸಲ್ಲುತ್ತದೆಯೇ?

ಉತ್ತರ | ಅಚ್ಚುಮೊಳೆ
ಇಂಪ್ಯಾಕ್ಟನ್ನು ಜೆಫ್ರಿ ಲೀ ರೂಪಿಸಿದರು. ಇಂಗ್ಲೆಂಡಿನ ಶೆಫೀಲ್ಡ್‌ನ ಸ್ಟೀಫನ್‌ಸನ್ ಬ್ಲೇಕ್ ಸಂಸ್ಥೆಯು 1965ರಲ್ಲಿ ಅದನ್ನು ಸೀಸದ ಅಚ್ಚುಮೊಳೆಗಳಾಗಿ ಹೊರತಂದಿತು. ಇರುವಷ್ಟೇ ಜಾಗದಲ್ಲಿ ಸಾಧ್ಯವಾದಷ್ಟು ಶಾಯಿ ಬೀಳಬೇಕೆಂಬ ಉದ್ದೇಶದಿಂದ ಸಣ್ಣಕ್ಷರಗಳನ್ನು ಬಹಳ ಎತ್ತರಕ್ಕೆ ಬೆಳೆಸಿ, ಮೇಲೆ ಕೆಳಗೆ ಚಾಚುವ ಭಾಗಗಳನ್ನು ಮೊಟಕುಗೊಳಿಸಲಾಗಿದೆ. ಅಕ್ಷರದೊಳಗಿನ ಬಿಳಿ ಜಾಗ ಸಣ್ಣ ಸೀಳಿನಷ್ಟು ಮಾತ್ರ ಉಳಿದಿರುವುದರಿಂದ ಸ್ಥಳ, ಸಮಯದ ಸಾಲಿಗೆ ಅದನ್ನು ಖಂಡಿತ ಬಳಸಬೇಡಿ. ಸಣ್ಣ ಗಾತ್ರದಲ್ಲಿ ಆ ಸೀಳು ಮುಚ್ಚಿಹೋಗಿ ಓದುವವರಿಗೆ ಕಪ್ಪು ಪಟ್ಟಿಯೇ ಕಾಣುತ್ತದೆ.

ಇನ್ನೊಂದು ಮಾತು. ಕಪ್ಪು ಅಂಚಿನ ಬಿಳಿ ಇಂಪ್ಯಾಕ್ಟ್ ಅಕ್ಷರಗಳನ್ನು ಮೀಮ್‌ಗಳಲ್ಲಿ ನೋಡಿ ನೋಡಿ ಜನರಿಗೆ ಅಭ್ಯಾಸವಾಗಿದೆ. ನಾಟಕ ಗಂಭೀರವಾದದ್ದಾದರೆ, 1903ರ ಆಲ್ಟರ್ನೇಟ್ ಗಾಥಿಕ್ ಎಂಬ ಅಕ್ಷರ ವಿನ್ಯಾಸವನ್ನು ಆಧರಿಸಿದ, ಉಚಿತವಾಗಿ ದೊರೆಯುವ ಲೀಗ್ ಗಾಥಿಕ್ ಫಾಂಟ್ ನನ್ನ ಆಯ್ಕೆ.

ಉತ್ತರ | ತಲೆಕಟ್ಟು
ಕನ್ನಡದ ವಿಷಯಕ್ಕೆ ಬರುತ್ತೇನೆ. ಅಡ್ಡಕ್ಕೆ ಕುಗ್ಗಿಸಿದಾಗ ನಿಂತ ಗೆರೆಗಳು ಮಾತ್ರ ತೆಳುವಾಗುತ್ತವೆ, ತಲೆಕಟ್ಟಿನಂತಹ ಮಲಗಿದ ಗೆರೆಗಳು ಇದ್ದಷ್ಟೇ ದಪ್ಪ ಉಳಿಯುತ್ತವೆ. ಇಂಪ್ಯಾಕ್ಟ್‌ನಲ್ಲಿ ಇರುವುದು ಇದಕ್ಕೆ ತದ್ವಿರುದ್ಧ: ನಿಂತ ಗೆರೆ ದಪ್ಪ, ಮಲಗಿದ ಗೆರೆ ಅದಕ್ಕಿಂತ ತೆಳು. ಹೀಗಾಗಿ ಎರಡನ್ನೂ ಒಂದರ ಕೆಳಗೊಂದು ಇಟ್ಟಾಗ ಅವು ಒಂದೇ ಕುಟುಂಬದವೆಂದು ಅನ್ನಿಸುವುದೇ ಇಲ್ಲ. ಜೊತೆಗೆ ದ, ಧ, ಥಗಳ ವ್ಯತ್ಯಾಸವೆಲ್ಲ ಒಂದು ಸೀಳು ಅಥವಾ ಒಂದು ಚುಕ್ಕೆಯಲ್ಲಿದೆ. ದಪ್ಪ ಮಾಡಿ ಹಿಸುಕಿದರೆ ಮೊದಲು ಅಳಿಯುವುದು ಅದೇ.

ಎತ್ತರದ ತೊಡಕು ಇನ್ನೂ ದೊಡ್ಡದು. ಇಂಗ್ಲಿಷ್ ದೊಡ್ಡಕ್ಷರಗಳ ಸಾಲುಗಳನ್ನು ಇಟ್ಟಿಗೆಯಂತೆ ಒತ್ತೊತ್ತಾಗಿ ಪೇರಿಸಬಹುದು. ‘ಸ್ವಾತಂತ್ರ್ಯ’ ಎಂದು ಬರೆದು ನೋಡಿ: ‘ತ’ದ ಕೆಳಗೆ ರ ಮತ್ತು ಯ ಎರಡರ ಒತ್ತುಗಳೂ ಇಳಿಯುವುದರಿಂದ ಮುಂದಿನ ಸಾಲನ್ನು ಹತ್ತಿರ ತರಲು ಆಗುವುದಿಲ್ಲ. ಆದ್ದರಿಂದ ಕನ್ನಡ ಶೀರ್ಷಿಕೆಯನ್ನು ಒಂದೇ ಸಾಲಿನಲ್ಲಿ ಮುಗಿಸುವುದು ಲೇಸು.

ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ ಎಂಬ ಫಾಂಟ್ ಉಚಿತವಾಗಿ ಲಭ್ಯವಿದ್ದು, ಅದರ ಅಗಲವನ್ನು ಸಾಮಾನ್ಯ ಅಗಲದ ಶೇ. 75ರಿಂದ 125ರವರೆಗೆ, ದಪ್ಪವನ್ನು 100ರಿಂದ (ಅತಿ ತೆಳು) 800ರವರೆಗೆ (ಅತಿ ದಪ್ಪ) ಹೊಂದಿಸಬಹುದು. ಕಿರಿದಗಲದ ರೂಪವನ್ನೂ ವಿನ್ಯಾಸಕಾರರೇ ಬರೆದಿರುವುದರಿಂದ ಗೆರೆಗಳ ಸಮತೋಲ ಕೆಡುವುದಿಲ್ಲ. ಇಂಪ್ಯಾಕ್ಟ್‌ನಷ್ಟು ಇಕ್ಕಟ್ಟು ಅದರಲ್ಲಿ ಸಿಗದು, ಸಿಗಬೇಕಾಗಿಯೂ ಇಲ್ಲ.

ಪ್ರಶ್ನೆ | ರಂಗಪರದೆ
ಇಬ್ಬರಿಗೂ ಧನ್ಯವಾದಗಳು. ಅನೇಕ್‌ನಲ್ಲೇ ಇಂಗ್ಲಿಷ್ ಅಕ್ಷರಗಳೂ ಇವೆಯಲ್ಲ, ಎರಡಕ್ಕೂ ಅದನ್ನೇ ಬಳಸಿದರೆ ಹೇಗೆ?

ಉತ್ತರ | ತಲೆಕಟ್ಟು
ಬಳಸಿ, ಜೋಡಣೆಯ ತಲೆನೋವೇ ತಪ್ಪುತ್ತದೆ. ಮುದ್ರಣಕ್ಕೆ ಕಳುಹಿಸುವ ಮುನ್ನ ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಫಾಂಟಿನ ಹಂಗಿಲ್ಲದ ಗೆರೆಚಿತ್ರಗಳಿಗೆ, ಪರಿವರ್ತಿಸಿಕೊಳ್ಳಿ. ಇಲ್ಲದಿದ್ದರೆ ಈ ಫಾಂಟ್ ಇಲ್ಲದ ಮುದ್ರಣಾಲಯದವರ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದೀತು.