ಕರೆದರೂ ಬಾರದ ಹರೆಯದ ನಾಯಿ: ಈ ವಯಸ್ಸು ದಾಟಿಸಿದವರು ಹೇಳಿ

ಕೇಳಿದ್ದು

ನಮ್ಮ ನಾಯಿಗೆ ಈಗ ಒಂಬತ್ತು ತಿಂಗಳು. ಗಂಡು, ಲ್ಯಾಬ್ರಡಾರ್ ಮಿಶ್ರ ತಳಿ. ಮರಿಯಾಗಿದ್ದಾಗ ಹೆಸರು ಕೂಗಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿದ್ದ. ಈಗ ಮೈದಾನದಲ್ಲಿ ಬಿಟ್ಟರೆ ನಾನು ಯಾರೋ, ಅವನು ಯಾರೋ. ಬೇರೆ ನಾಯಿ ಕಂಡರಂತೂ ಮುಗೀತು. ಕೊನೆಗೆ ಹತ್ತಿರ ಬರುತ್ತಾನೆ, ಆದರೆ ಕಾಲರ್‌ಗೆ ಕೈ ಹಾಕುವಷ್ಟರಲ್ಲಿ ಜಾರಿಕೊಳ್ಳುತ್ತಾನೆ. ಮನೆಯೊಳಗೆ ಮಾತ್ರ ಹೇಳಿದ್ದೆಲ್ಲ ಕೇಳುತ್ತಾನೆ. ಎಂದಾದರೂ ರಸ್ತೆಗೆ ನುಗ್ಗಿಬಿಟ್ಟರೆ ಅಂತ ಭಯ. ನೀವು ಏನು ಮಾಡಿದಿರಿ, ದಯವಿಟ್ಟು ತಿಳಿಸಿ.

ಎರಡು ಲ್ಯಾಬ್ರಡಾರ್ ಬೆಳೆಸಿದವರು

ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ನಿಮ್ಮ ನಾಯಿ ಕೆಟ್ಟಿಲ್ಲ, ಹರೆಯಕ್ಕೆ ಬಂದಿದೆ. ಸಾಮಾನ್ಯವಾಗಿ ಆರೇಳು ತಿಂಗಳಿಗೆ ಶುರುವಾಗುವ ಈ ಕಾಲ ಒಂದೂವರೆ ವರ್ಷದವರೆಗೂ ಇರುತ್ತದೆ. ದೊಡ್ಡ ತಳಿಗಳಲ್ಲಿ ಎರಡು ವರ್ಷದ ತನಕ ಎಳೆಯುವುದೂ ಉಂಟು. ನಮ್ಮ ಇಬ್ಬರೂ ಹೀಗೇ ಇದ್ದರು.

2020ರಲ್ಲಿ ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಜೊತೆಗಾರರು ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ಅಂಧರಿಗೆ ದಾರಿ ತೋರಿಸುವ ಕೆಲಸಕ್ಕಾಗಿ ಬೆಳೆಸುತ್ತಿದ್ದ ನಾಯಿಗಳು ಅವು. ಐದು ತಿಂಗಳಲ್ಲಿ ‘ಕೂತ್ಕೋ’ ಅಂದರೆ ಕೂರುತ್ತಿದ್ದ ಮರಿಗಳು ಎಂಟು ತಿಂಗಳಲ್ಲಿ ಅದೇ ಮಾತಿಗೆ ಹಿಂದೇಟು ಹಾಕಿದವು. ಅದೂ ಸಾಕುತ್ತಿರುವವರು ಹೇಳಿದಾಗ ಮಾತ್ರ. ಗುರುತಿಲ್ಲದವರು ಹೇಳಿದರೆ ಕೂರುತ್ತಿದ್ದವು! ವರ್ಷ ತುಂಬುವ ಹೊತ್ತಿಗೆ ಹೇಳಿದ್ದನ್ನು ಕೇಳುವುದು, ಕಲಿಯುವುದು ಮತ್ತೆ ಸುಧಾರಿಸಿತ್ತು. ನಮ್ಮ ಮನೆಯಲ್ಲಿ ನಡೆಯುತ್ತಿದ್ದುದೂ ಇದೇ ಅಂತ ಓದಿದಾಗ ಮನಸ್ಸು ಹಗುರಾಯಿತು.

ಹಾಗಂತ ಸುಮ್ನೆ ಕಾಯುತ್ತಾ ಕೂರಬೇಡಿ. ನಾಳೆಯಿಂದಲೇ ಉದ್ದನೆಯ ಹಗ್ಗ ಹಾಕಿ. ಸುಮಾರು 10 ಮೀಟರ್ ಸಾಕು. ಅದನ್ನು ಕಾಲರ್‌ಗೆ ಸಿಕ್ಕಿಸಬೇಡಿ, ಎದೆಗೆ ಹಾಕುವ ಹಾರ್ನೆಸ್‌ಗೆ ಸಿಕ್ಕಿಸಿ. ಓಡಿ ಹೋಗಿ ಹಗ್ಗ ಮುಗಿದಾಗ ಬೀಳುವ ಜಗ್ಗು ಕುತ್ತಿಗೆಗೆ ಬೀಳಬಾರದು. ಕೈಗೆ ಗ್ಲೌಸ್ ಇರಲಿ. ಬೆರಳಿಗಂತೂ ಹಗ್ಗ ಸುತ್ತಿಕೊಳ್ಳಲೇಬೇಡಿ. ತಾನೇ ಸುತ್ತಿಕೊಳ್ಳುವ ಡಬ್ಬಿಯ ಲೀಶ್ ಈ ಕೆಲಸಕ್ಕೆ ಬೇಡ, ಅದು ಯಾವಾಗಲೂ ಬಿಗಿಯಾಗೇ ಇರುತ್ತದೆ.

ಹಗ್ಗ ಇರುವುದು ಎಳೆದು ತರಲು ಅಲ್ಲ. ‘ಬಾ’ ಅಂದಾಗ ಬಾರದೆ ಓಡಿಹೋಗಿ ಖುಷಿಪಡುವ ಅವಕಾಶ ಅವನಿಗೆ ಸಿಗಬಾರದು, ಅದಕ್ಕೆ. ಹಗ್ಗವಿಲ್ಲದೆ ಬಿಟ್ಟು ಹತ್ತು ಸಲ ಕೂಗಿದರೆ ಆ ಮಾತಿಗೆ ಬೆಲೆಯಿಲ್ಲ ಅಂತ ನಾವೇ ಹತ್ತು ಸಲ ಕಲಿಸಿದ ಹಾಗೆ, ಅಲ್ವಾ?

ನಾಯಿಗಳಿಗೆ ತರಬೇತಿ ಕೊಡುವವರು

ಹಗ್ಗದ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ ಸಾಲು: ‘ಕಾಲರ್‌ಗೆ ಕೈ ಹಾಕುವಷ್ಟರಲ್ಲಿ ಜಾರಿಕೊಳ್ಳುತ್ತಾನೆ.’ ಅವನಿಗೆ ನಿಮ್ಮ ಕರೆ ಕೇಳಿಸಿದೆ, ಅರ್ಥವೂ ಆಗಿದೆ. ನಿಮ್ಮ ಹತ್ತಿರ ಬಂದರೆ ಆಟ ಮುಗಿಯುತ್ತದೆ ಅನ್ನುವುದೂ ಗೊತ್ತಿದೆ.

ನೀವೇ ಯೋಚನೆ ಮಾಡಿ. ಮೈದಾನದಲ್ಲಿ ನಾವು ನಾಯಿಯನ್ನು ಕರೆಯುವುದು ಯಾವಾಗ? ಬಹಳಷ್ಟು ಜನ ಮನೆಗೆ ಹೊರಡುವಾಗ, ಬೇರೆ ನಾಯಿಯ ಜೊತೆ ಆಟ ನಿಲ್ಲಿಸಬೇಕಾದಾಗ, ಇಲ್ಲವೇ ಬಾಯಿಂದ ಏನಾದರೂ ಕಿತ್ತುಕೊಳ್ಳಬೇಕಾದಾಗ ಕರೆಯುತ್ತಾರೆ. ಮನೆಯಲ್ಲಿ ಕರೆಯುವುದು ಸ್ನಾನಕ್ಕೆ, ಉಗುರು ಕತ್ತರಿಸುವುದಕ್ಕೆ. ನಾಯಿಯ ಲೆಕ್ಕದಲ್ಲಿ ‘ಬಾ’ ಅಂದರೆ ಕೈಯಲ್ಲಿರುವ ಸುಖ ಹೋಯಿತು ಅಂತ. ಮರಿಯಾಗಿದ್ದಾಗ ನಿಮ್ಮನ್ನು ಬಿಟ್ಟು ದೂರ ಹೋಗಲು ಅದಕ್ಕೇ ಧೈರ್ಯವಿರಲಿಲ್ಲ, ಹಾಗಾಗಿ ಬರುತ್ತಿತ್ತು. ಈಗ ಧೈರ್ಯ ಬಂದಿದೆ.

ಅದಕ್ಕೇ ನನ್ನ ಬಳಿ ಬರುವವರಿಗೆಲ್ಲ ಮೊದಲು ಇದನ್ನೇ ಹೇಳುತ್ತೇನೆ. ಕರೆದಾಗ ಬಂದರೆ ಆಟ ಮುಗಿಯಬಾರದು. ಕರೆಯಿರಿ, ಬಂದಾಗ ಕೋಳಿ ಮಾಂಸದ ತುಂಡೋ ಚೀಸೋ ಕೊಡಿ, ‘ಹೋಗು’ ಅಂತ ಮತ್ತೆ ಬಿಡಿ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಇದೇ. ಒಂದು ಸುತ್ತಾಟದಲ್ಲಿ ಹೆಚ್ಚಿನ ಕರೆಗಳು ಹೀಗೇ ‘ಹೋಗು’ ಅನ್ನುವುದರಲ್ಲಿ ಮುಗಿಯಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಪ್ರೆಮಾಕ್ ತೋರಿಸಿದ ತತ್ವವೇ ಇದರ ಹಿಂದೆ ಇರುವುದು. ಪ್ರಾಣಿ ತಾನಾಗಿ ಜಾಸ್ತಿ ಮಾಡಲು ಬಯಸುವ ಕೆಲಸವನ್ನೇ, ಅದು ಕಡಿಮೆ ಬಯಸುವ ಕೆಲಸಕ್ಕೆ ಬಹುಮಾನವಾಗಿ ಕೊಡಬಹುದು. ಹರೆಯದ ನಾಯಿಗೆ ಪೊದೆ ಮೂಸುವುದು, ಗೆಳೆಯನ ಜೊತೆ ಓಡುವುದು ಎಲ್ಲಕ್ಕಿಂತ ದೊಡ್ಡದು. ಅದನ್ನು ಅದರಿಂದ ಕಿತ್ತುಕೊಳ್ಳುವವರು ನೀವಾಗಬೇಡಿ, ಕೊಡುವವರಾಗಿ.

ಮನೆಗೆ ಹೊರಡುವಾಗ ಏನು ಮಾಡುವುದು ಅಂತ ಕೇಳಬಹುದು. ಆಗ ಕರೆಯಲೇಬೇಡಿ. ಹಗ್ಗ ಹಿಡಿದು ನಿಧಾನವಾಗಿ ಹತ್ತಿರ ಹೋಗಿ. ನೆಲದ ಮೇಲೆ ನಾಲ್ಕು ತುಂಡು ಎರಚಿ. ಅವನು ಹುಡುಕಿ ತಿನ್ನುವಾಗ ಲೀಶ್ ಹಾಕಿ, ಅಲ್ಲೇ ಸ್ವಲ್ಪ ಆಡಿಸಿ, ಆಮೇಲೆ ಹೊರಡಿ.

ಕಾಲರ್ ವಿಷಯಕ್ಕೆ ಬೇರೆಯೇ ಅಭ್ಯಾಸ ಬೇಕು. ಮನೆಯಲ್ಲೇ, ಊಟಕ್ಕೆ ಮೊದಲು ಮಾಡಿ. ಕಾಲರ್ ಮುಟ್ಟಿ, ತುಂಡು ಕೊಡಿ, ಕೈ ತೆಗೆಯಿರಿ. ಮೊದಲು ಕೈ, ಆಮೇಲೆ ತಿಂಡಿ. ಈ ಕ್ರಮ ತಪ್ಪಬಾರದು. ಮೊದಲು ತಿಂಡಿ ತೋರಿಸಿ ಆಮೇಲೆ ಹಿಡಿದರೆ ತಿಂಡಿಯೇ ಬಲೆ ಅಂತ ಅದಕ್ಕೆ ಅನ್ನಿಸುತ್ತದೆ. ಕೆಲವು ದಿನಗಳಲ್ಲಿ ಕೈ ಚಾಚಿದರೆ ಅದೇ ಕುತ್ತಿಗೆ ಮುಂದೆ ತರುತ್ತದೆ. ಆಮೇಲೆ ಹೊರಗೆ ಶುರು ಮಾಡಿ.

ಇನ್ನೊಂದು ಮಾತು. ‘ಬಾ’ ಅನ್ನುವುದು ಇಷ್ಟು ದಿನದಲ್ಲಿ ಹಳಸಿಹೋಗಿದ್ದರೆ ಅದನ್ನು ಬಿಟ್ಟುಬಿಡಿ. ಮನೆಯಲ್ಲಿ ಯಾರೂ ದಿನಬಳಕೆಯಲ್ಲಿ ಹೇಳದ ಹೊಸ ಶಬ್ದ ಆರಿಸಿಕೊಳ್ಳಿ. ಅದನ್ನು ಅಡುಗೆಮನೆಯಿಂದ ಶುರು ಮಾಡಿ. ಆಮೇಲೆ ಅಂಗಳ, ಆಮೇಲೆ ಖಾಲಿ ಜಾಗ, ಆಮೇಲೆ ದೂರದಲ್ಲಿ ಒಂದು ನಾಯಿ ಕಾಣುವ ಜಾಗ. ದೂರ ಹೆಚ್ಚಿಸಿದ ದಿನ ಗದ್ದಲ ಕಡಿಮೆ ಇರಲಿ. ಗದ್ದಲ ಹೆಚ್ಚಿದ ದಿನ ದೂರ ಕಡಿಮೆ ಇರಲಿ. ಬರುತ್ತಾನೆ ಅನ್ನುವ ನಂಬಿಕೆ ಇಲ್ಲದ ಹೊತ್ತಿನಲ್ಲಿ ಆ ಶಬ್ದ ಬಾಯಿಂದ ಬರಲೇಬಾರದು.

ಎಷ್ಟೇ ತಡವಾಗಿ ಬರಲಿ, ಬೈಯಬೇಡಿ. ಎರಡು ನಿಮಿಷ ಸತಾಯಿಸಿ ಬಂದ ನಾಯಿಗೆ ಬೈದರೆ ಅದು ಸತಾಯಿಸಿದ್ದಕ್ಕೆ ಬಿದ್ದ ಬೈಗುಳ ಅಂತ ಅದಕ್ಕೆ ತಿಳಿಯುವುದಿಲ್ಲ. ಬಂದಿದ್ದಕ್ಕೆ ಬಿತ್ತು ಅಂತಲೇ ತಿಳಿಯುತ್ತದೆ.

ಬೀಗಲ್ ಸಾಕಿದವರು

ನಮ್ಮವಳು ನೆಲಕ್ಕೆ ಮೂಗು ಇಟ್ಟರೆ ಜಗತ್ತೇ ಬೇಡ. ವಾಸನೆ ಹಿಡಿದು ಹೋಗಲಿ ಅಂತಲೇ ತಲೆಮಾರುಗಳಿಂದ ಬೆಳೆಸಿದ ತಳಿ ಇದು. ನಮಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಸೀಟಿ. ನಮ್ಮ ದನಿಯಲ್ಲಿ ಕೋಪ, ಗಾಬರಿ, ಸುಸ್ತು ಎಲ್ಲಾ ಸೇರಿಕೊಳ್ಳುತ್ತದೆ. ಸೀಟಿಗೆ ಅದೇನೂ ಇಲ್ಲ. ಮನೆಯಲ್ಲಿ ಯಾರು ಊದಿದರೂ ಒಂದೇ ದನಿ, ದೂರಕ್ಕೂ ಕೇಳುತ್ತದೆ. ಬೇಟೆನಾಯಿ ಪಳಗಿಸುವವರು ಆಕ್ಮಿ ಕಂಪನಿಯ 210.5, 211.5 ನಂಬರಿನ ಸೀಟಿಗಳನ್ನು ಬಳಸುತ್ತಾರೆ. ಒಂದೇ ನಂಬರಿನವು ಒಂದೇ ಸ್ವರದಲ್ಲಿ ಇರುತ್ತವೆ, ಹಾಗಾಗಿ ಒಂದು ಕಳೆದುಹೋದರೂ ಚಿಂತೆಯಿಲ್ಲ.

ಮೊದಮೊದಲು ಮನೆಯಲ್ಲಿ ಊಟದ ತಟ್ಟೆ ಇಡುವ ಮುಂಚೆ ಊದುತ್ತಿದ್ದೆವು, ಅಷ್ಟೇ. ಸೀಟಿ, ತಕ್ಷಣ ಊಟ. ಕರೆಯುವುದಕ್ಕೆ ಅದನ್ನು ಬಳಸಲು ಶುರು ಮಾಡಿದ್ದು ಆಮೇಲೆ.

ಇನ್ನೊಂದು, ಅವಳು ಬರದಿದ್ದಾಗ ನಾವು ಅವಳ ಹಿಂದೆ ಓಡುವುದಿಲ್ಲ. ಹಿಂದೆ ಓಡಿದರೆ ಹಿಡಿಯುವ ಆಟ ಅಂದುಕೊಂಡು ಇನ್ನೂ ಜೋರಾಗಿ ಓಡುತ್ತಾಳೆ. ನಾವೇ ತಿರುಗಿ ಎದುರು ದಿಕ್ಕಿಗೆ ಓಡುತ್ತೇವೆ, ಖುಷಿಯಿಂದ ಕೂಗುತ್ತಾ. ಇಲ್ಲದಿದ್ದರೆ ಕೂತು ಹುಲ್ಲಿನಲ್ಲಿ ಏನೋ ಸಿಕ್ಕಿದಂತೆ ಕೆದಕುತ್ತೇವೆ. ಏನದು ಅಂತ ನೋಡಲು ಬಂದೇ ಬರುತ್ತಾಳೆ.

ಕರೆಯದೆ ತಾನಾಗಿ ನಮ್ಮ ಕಡೆ ತಿರುಗಿ ನೋಡಿದಾಗಲೂ ಏನಾದರೂ ಕೊಡಿ. ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಈಗ ಸುತ್ತಾಡುವಾಗ ಅವಳೇ ಆಗಾಗ ಬಂದು ನಮ್ಮನ್ನು ನೋಡಿ ಹೋಗುತ್ತಾಳೆ.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾಲರ್ ಅಭ್ಯಾಸ ಇವತ್ತೇ ಶುರು ಮಾಡಿದೆವು. ಇನ್ನೆರಡು ಪ್ರಶ್ನೆ. ಪರಿಚಯದವರೊಬ್ಬರು ರಿಮೋಟಿನ ಶಾಕ್ ಕಾಲರ್ ಹಾಕಿದರೆ ವಾರದಲ್ಲಿ ಸರಿಹೋಗುತ್ತದೆ ಅನ್ನುತ್ತಿದ್ದಾರೆ. ಇನ್ನೊಬ್ಬರು ಬೀಜ ತೆಗೆಸಿ ಅನ್ನುತ್ತಾರೆ. ನೀವೇನು ಹೇಳುತ್ತೀರಿ?

ತರಬೇತಿ ಕೊಡುವವರು

ಶಾಕ್ ಕಾಲರ್ ದಯವಿಟ್ಟು ಬೇಡ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು ಕರೆದರೆ ಬಾರದಂಥ ತೊಂದರೆ ಇರುವ 63 ನಾಯಿಗಳ ಮೇಲೆ ಹೋಲಿಕೆ ಮಾಡಿ 2020ರಲ್ಲಿ ಪ್ರಕಟಿಸಿದ್ದಾರೆ. ತಿಂಡಿ, ಹೊಗಳಿಕೆ ಕೊಟ್ಟು ಕಲಿಸಿದ ನಾಯಿಗಳು ಶಾಕ್ ಕಾಲರ್ ನಾಯಿಗಳಿಗಿಂತ ಹಿಂದೆ ಬೀಳಲಿಲ್ಲ, ಒಂದೇ ಸಲ ಹೇಳಿದ್ದಕ್ಕೆ ಅವೇ ಚೆನ್ನಾಗಿ ಸ್ಪಂದಿಸಿದವು. ವೇಲ್ಸ್‌ನಲ್ಲಿ 2010ರಿಂದಲೇ ಇಂಥ ಕಾಲರ್‌ಗೆ ನಿಷೇಧ ಇದೆ. ನನ್ನ ಭಯ ಇನ್ನೂ ಒಂದಿದೆ. ಬೇರೆ ನಾಯಿಯನ್ನು ನೋಡುತ್ತಿರುವಾಗ ನೋವಾದರೆ ಆ ನೋವು ಆ ನಾಯಿಯಿಂದಲೇ ಬಂತು ಅಂತ ಅದು ಅಂದುಕೊಳ್ಳಬಹುದು. ಹರೆಯದಲ್ಲಿ ನಾಯಿಗಳಿಗೆ ಹೊಸದಾಗಿ ಅಂಜಿಕೆ ಹುಟ್ಟುವ ದಿನಗಳೂ ಇರುತ್ತವೆ. ಆಗ ಕೂತ ಭಯ ಬೇಗ ಹೋಗುವುದಿಲ್ಲ.

ಬೀಜ ತೆಗೆಸಿದರೆ ಹೆಣ್ಣು ನಾಯಿಯ ವಾಸನೆ ಹಿಡಿದು ಅಲೆಯುವುದು ಕಡಿಮೆಯಾಗಬಹುದು. ಆದರೆ ಕರೆದರೆ ಬರುವುದನ್ನು ಆಪರೇಷನ್ ಕಲಿಸುವುದಿಲ್ಲ. ದೊಡ್ಡ ತಳಿಗಳಲ್ಲಿ ತೀರಾ ಬೇಗ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚಬಹುದು ಅನ್ನುವ ಅಧ್ಯಯನಗಳೂ ಇವೆ. ಯಾವ ವಯಸ್ಸಿಗೆ ಅನ್ನುವುದನ್ನು ನಿಮ್ಮ ಪಶುವೈದ್ಯರ ಜೊತೆ ಕೂತು ಮಾತಾಡಿ.

ಲ್ಯಾಬ್ರಡಾರ್ ಮನೆಯವರು

ಹಗ್ಗ ಯಾವಾಗ ಬಿಚ್ಚಬೇಕು ಅಂತ ಮುಂದೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಒಂದೇ ಸಲ ಬಿಚ್ಚಬೇಡಿ. ಮೊದಲು ಕೈಯಿಂದ ಬಿಟ್ಟು ನೆಲದಲ್ಲಿ ಎಳೆದುಕೊಂಡು ಓಡಾಡಲಿ. ಬೇಕಾದಾಗ ಅದರ ತುದಿಗೆ ಕಾಲಿಡಬಹುದು. ಬೇರೆ ನಾಯಿಯ ಜೊತೆ ಓಡಿ ಆಡುವಾಗ ಮಾತ್ರ ಕಾಲಿಗೆ ಸುತ್ತಿಕೊಳ್ಳುತ್ತದೆ, ನೋಡಿಕೊಳ್ಳಿ. ಆಮೇಲೆ ಇನ್ನೂ ಗಿಡ್ಡ ಹಗ್ಗ. ಪೂರ್ತಿ ಬಿಚ್ಚುವುದು ಸುತ್ತಲೂ ಬೇಲಿ ಇರುವ ಜಾಗದಲ್ಲಿ. ರಸ್ತೆ ಹತ್ತಿರ ಇದ್ದರೆ, ಎಷ್ಟೇ ಕಲಿತಿರಲಿ, ನಾನು ಇವತ್ತಿಗೂ ಬಿಡುವುದಿಲ್ಲ.

ಹೆಣ್ಣು ನಾಯಿ ಸಾಕಿದವರು

ಇದನ್ನು ಹೆಣ್ಣು ನಾಯಿ ಇರುವವರೂ ಓದುತ್ತಿರಬಹುದು ಅಂತ ಒಂದು ಮಾತು. ಹರೆಯದಲ್ಲೇ ಮೊದಲ ಬೆದೆ ಬರುತ್ತದೆ. ಸುಮಾರು ಮೂರು ವಾರ ಇರುತ್ತದೆ. ಆ ದಿನಗಳಲ್ಲಿ ಉದ್ದ ಹಗ್ಗವೂ ಬೇಡ, ಕೈಯಲ್ಲಿ ಗಿಡ್ಡ ಲೀಶೇ ಇರಲಿ. ಕರೆಯುವ ಅಭ್ಯಾಸ ಮನೆಯೊಳಗೆ ಮಾತ್ರ ಮಾಡಿ. ಬೆದೆ ಮುಗಿದ ಮೇಲೆ ನಮ್ಮವಳು ಕೆಲವು ವಾರ ಮಂಕಾಗಿದ್ದಳು, ಕರೆದರೆ ನಿಧಾನವಾಗಿ ಬರುತ್ತಿದ್ದಳು. ಆಗ ಒತ್ತಾಯ ಮಾಡದೆ ಅಂಗಳದ ಹಂತಕ್ಕೆ ವಾಪಸ್ ಹೋಗಿ ಅಲ್ಲಿಂದ ಮುಂದುವರಿಸಿದೆವು.