ಅಪ್‌ಡೇಟ್: ಟೆಕ್ಸಾಸ್ ಹ್ಯಾಂಡ್‌ಗನ್ ಲೈಸೆನ್ಸ್ ಕೊನೆಗೂ ಕೈಸೇರಿತು

ಹ್ಯಾಂಡ್‌ಗನ್ (ಪಿಸ್ತೂಲು) ಜೊತೆಗೆ ಒಯ್ಯುವ ಲೈಸೆನ್ಸ್‌ಗೆ ಅರ್ಜಿ ಹಾಕಿ ಒಂದೂವರೆ ತಿಂಗಳಾದರೂ ಸುದ್ದಿಯಿಲ್ಲ, ಇನ್ನೆಷ್ಟು ದಿನ ಕಾಯಬೇಕು ಅಂತ ಕೇಳಿದ್ದೆನಲ್ಲ, ನಿನ್ನೆ ಟಪಾಲಿನಲ್ಲಿ ಕಾರ್ಡ್ ಬಂತು. ಒಟ್ಟು 71 ದಿನ.

ತಡವಾಗಿದ್ದು ಬೆರಳಚ್ಚಿನಿಂದ. ಮೊದಲ ಸಲ ಕೊಟ್ಟದ್ದು ಸ್ಪಷ್ಟವಾಗಿಲ್ಲ ಅಂತ ವಾಪಸಾಯ್ತು. ಎರಡನೇ ಸಲ ಅಲ್ಲಿದ್ದ ಹೆಂಗಸು ನನ್ನ ಒಣಗಿದ ಬೆರಳ ತುದಿಗಳಿಗೆ ಲೋಷನ್ ಹಚ್ಚಿಸಿ, ಒರೆಸಿ, ಒಂದೊಂದೇ ಬೆರಳನ್ನು ಗಾಜಿನ ಮೇಲೆ ನಿಧಾನವಾಗಿ ಹೊರಳಿಸಿದರು. ಅರ್ಜಿ ಇತ್ಯರ್ಥಕ್ಕೆ ಕಾನೂನಿನಲ್ಲಿ 60 ದಿನ ಅಂತಿರೋದು ನಿಜ, ಆದರೆ ಆ ಲೆಕ್ಕ ಶುರುವಾಗೋದು ಎಲ್ಲ ದಾಖಲೆಗಳೂ ಪೂರ್ತಿಯಾಗಿ ತಲುಪಿದ ಮೇಲೆ. ಇದು ಮೊದಲೇ ಗೊತ್ತಿದ್ದರೆ ಅಷ್ಟು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

‘2021ರ ಸೆಪ್ಟೆಂಬರ್‌ನಿಂದ ಅಲ್ಲಿ ಲೈಸೆನ್ಸೇ ಬೇಡವಲ್ಲ’ ಅಂತ ಕೆಲವರು ಕೇಳಿದ್ದಿರಿ. ಹೌದು, 21 ತುಂಬಿ, ಕಾನೂನಿನ ಅಡ್ಡಿಯಿಲ್ಲದವರಿಗೆ ಬೇಡ. ಆದರೆ ಶಾಲೆಯ ಸುತ್ತ 1,000 ಅಡಿಯೊಳಗೆ ಬಂದೂಕು ಒಯ್ಯಬಾರದೆಂಬ ಫೆಡರಲ್ (ಕೇಂದ್ರ ಸರ್ಕಾರದ) ನಿರ್ಬಂಧದಿಂದ ವಿನಾಯಿತಿ ಬೇಕೆಂದರೆ ರಾಜ್ಯದ ಲೈಸೆನ್ಸ್ ಇರಬೇಕು. (ಶಾಲೆಯ ಕಟ್ಟಡದೊಳಗೆ ಲೈಸೆನ್ಸ್ ಇದ್ದರೂ ಒಯ್ಯುವಂತಿಲ್ಲ.) ನಮ್ಮ ಬೀದಿಯ ತಿರುವಿನಲ್ಲೇ ಶಾಲೆಯಿದೆ, ದಿನಾ ಅದರ ಮುಂದೆಯೇ ಓಡಾಟ. ಹಾಗಾಗಿ 40 ಡಾಲರ್ ಶುಲ್ಕ ನನಗೆ ಹೆಚ್ಚೆನಿಸಲಿಲ್ಲ.

ಬೆರಳಚ್ಚಿನ ರಸೀದಿ ಎಸೆಯಬೇಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಫೋನ್ ಮಾಡಿ ವಿಚಾರಿಸಿದಾಗ ಮೊದಲು ಕೇಳಿದ್ದೇ ಅದರ ನಂಬರ್.