ತೊನ್ನು ಮತ್ತು ಉತ್ಕರ್ಷಣ ಒತ್ತಡ: ಆ್ಯಂಟಿಆಕ್ಸಿಡೆಂಟ್ ಮಾತ್ರೆಯೊಂದೇ ಸಾಕೇ?

ಪ್ರಶ್ನೆ: ಬದಿಯಡ್ಕದ ಓದುಗ

ಮಾನ್ಯರೇ,

ನನ್ನ ಅಣ್ಣನ ಮಗಳಿಗೆ ಹದಿನಾರು ವರ್ಷ. ಪಾದದ ಮೇಲೆ ರಬ್ಬರ್ ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲಿ ಮೊದಲು ಕಾಣಿಸಿಕೊಂಡ ಬಿಳಿ ಮಚ್ಚೆ ಈಗ ಮೊಣಕಾಲು, ಮೊಣಕೈಗಳಿಗೂ ಬಂದಿದೆ. ಮಂಗಳೂರಿನ ಚರ್ಮರೋಗ ತಜ್ಞರು ಇದು ತೊನ್ನು ಎಂದು ಖಚಿತಪಡಿಸಿ, ಟ್ಯಾಕ್ರೋಲಿಮಸ್ ಮುಲಾಮು ಬರೆದುಕೊಟ್ಟು, ವಾರಕ್ಕೆ ಎರಡು ಸಲ ಬೆಳಕಿನ ಚಿಕಿತ್ಸೆಗೆ ಬರಹೇಳಿದ್ದಾರೆ. ರೋಗದ ಮೂಲದಲ್ಲಿ ‘ಆಕ್ಸಿಡೇಟಿವ್ ಸ್ಟ್ರೆಸ್’ (ಉತ್ಕರ್ಷಣ ಒತ್ತಡ) ಇರುತ್ತದೆ ಎಂದೂ ಅವರು ಹೇಳಿದರು. ಅದನ್ನು ಕೇಳಿದ ಬಂಧುವೊಬ್ಬರು ಆ ಒತ್ತಡ ತಗ್ಗಿಸುವ ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳನ್ನು ತರಿಸಿಕೊಟ್ಟು, ಇವು ಸಾಕು, ಬೆಳಕು ಬೇಡ ಎನ್ನುತ್ತಿದ್ದಾರೆ. ಮನೆಯ ಹಿರಿಯರಾದರೋ ಹುಳಿ ತೊನ್ನನ್ನು ಹರಡುತ್ತದೆಂದು ಪುನರ್ಪುಳಿ ಸಾರನ್ನೂ ನೆಲ್ಲಿಕಾಯಿಯನ್ನೂ ನಿಲ್ಲಿಸಿಬಿಟ್ಟಿದ್ದಾರೆ.

ಈ ಒತ್ತಡವೆಂದರೆ ಚರ್ಮದಲ್ಲಿ ನಿಜವಾಗಿ ನಡೆಯುವುದೇನು? ನೇರಳಾತೀತ ಕಿರಣವೇ ಅದನ್ನು ಹೆಚ್ಚಿಸುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಅದೇ ಕಿರಣ ಚಿಕಿತ್ಸೆಯಾಗುವುದು ಹೇಗೆ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ: ಜೀವರಸಾಯನ ಅಧ್ಯಾಪಕ, ಕಾಸರಗೋಡು

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಚಿಕಿತ್ಸೆಯ ಮಾತನ್ನು ವೈದ್ಯರೇ ಆಡಲಿ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಮೆಲನೊಸೈಟ್ ಎಂಬ ಕೋಶಗಳಲ್ಲಿ. ಅಲ್ಲಿ ಟೈರೊಸಿನೇಸ್ ಎಂಬ ಕಿಣ್ವವು ಟೈರೊಸಿನ್ ಎಂಬ ಅಮೈನೊ ಆಮ್ಲವನ್ನು ಡೋಪಾಕ್ವಿನೋನ್ ಆಗಿ ಮಾರ್ಪಡಿಸುತ್ತದೆ, ಮುಂದೆ ಹಲವು ಹಂತಗಳಲ್ಲಿ ಅದು ಮೆಲನಿನ್ ಆಗುತ್ತದೆ. ಈ ದಾರಿಯುದ್ದಕ್ಕೂ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕೋಶಕ್ಕೆ ವಿಷವಾಗಬಲ್ಲ ಕ್ವಿನೋನ್‌ಗಳು ಹುಟ್ಟುತ್ತಲೇ ಇರುತ್ತವೆ. ಎಂದರೆ ಹೊರಗಿನಿಂದ ಯಾವ ಪೀಡೆಯೂ ಬಾರದಿದ್ದರೂ, ತನ್ನ ಕಸುಬಿನ ಕಾರಣದಿಂದಲೇ ಈ ಕೋಶವು ಇಂಥ ವಸ್ತುಗಳ ಹೊರೆಯನ್ನು ಹೊತ್ತಿರುತ್ತದೆ. ಆ ಹೊರೆ ಕೋಶದ ನಿಭಾಯಿಸುವ ಶಕ್ತಿಯನ್ನು ಮೀರಿದ ಸ್ಥಿತಿಯೇ ಉತ್ಕರ್ಷಣ ಒತ್ತಡ. ಆರೋಗ್ಯವಂತ ಚರ್ಮದಲ್ಲಿ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆದುಹಾಕುತ್ತದೆ. ತೊನ್ನು ಇರುವವರ ಹೊರಚರ್ಮದಲ್ಲಿ ಈ ಕ್ಯಾಟಲೇಸ್ ಕಡಿಮೆ ಇರುವುದು 1991ರಲ್ಲಿ ವರದಿಯಾಯಿತು. ಮಚ್ಚೆಯಿಲ್ಲದ, ನೋಡಲು ಸಹಜವಾಗಿದ್ದ ಚರ್ಮದಲ್ಲೂ ಅದು ಕಡಿಮೆಯಿತ್ತು ಎಂಬುದು ಆ ವರದಿಯ ಮುಖ್ಯಾಂಶವೆಂದು ನನ್ನ ಅಭಿಪ್ರಾಯ, ಏಕೆಂದರೆ ಕೊರತೆಯು ಬಣ್ಣ ಹೋದುದರ ಪರಿಣಾಮ ಮಾತ್ರವಲ್ಲ, ಅದಕ್ಕೂ ಮೊದಲೇ ಇದ್ದಿರಬಹುದು ಎಂಬ ಸೂಚನೆ ಅದರಲ್ಲಿದೆ. ಪೆರಾಕ್ಸೈಡ್ ಮಿತಿಮೀರಿದಾಗ ಅದು ಕ್ಯಾಟಲೇಸನ್ನೇ ನಿಷ್ಕ್ರಿಯಗೊಳಿಸುವುದರಿಂದ ಸಮಸ್ಯೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಈ ಕಾರಣ ಬರಿಯ ಊಹೆಯಲ್ಲ ಎಂಬುದಕ್ಕೆ ರಾಸಾಯನಿಕಗಳಿಂದ ಬರುವ ತೊನ್ನು ಸಾಕ್ಷಿ. 1939ರಲ್ಲಿ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರಲ್ಲಿ ರಬ್ಬರ್ ಕೈಗವಸು ತೊಡುತ್ತಿದ್ದ ಕೆಲಸಗಾರರ ಕೈಗಳು ಬಿಳುಪೇರಿದ್ದಕ್ಕೆ, ರಬ್ಬರಿಗೆ ಬೆರೆಸಿದ್ದ ಹೈಡ್ರೋಕ್ವಿನೋನ್ ಜಾತಿಯ ಸಂಯುಕ್ತ ಕಾರಣವೆಂದು ಪತ್ತೆಯಾಯಿತು. 2013ರಲ್ಲಿ ಜಪಾನಿನಲ್ಲಿ ರೊಡೊಡೆಂಡ್ರಾಲ್ ಬೆರೆಸಿದ್ದ ಬಿಳುಪು ಕ್ರೀಮುಗಳಿಂದ ಸಾವಿರಾರು ಜನರ ಮೈಮೇಲೆ ಮಚ್ಚೆಗಳೆದ್ದು ಅವನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ಇಂಥ ವಸ್ತುಗಳನ್ನು ಟೈರೊಸಿನೇಸ್ ತನ್ನ ಎಂದಿನ ಕಚ್ಚಾವಸ್ತುವೆಂದೇ ಬಗೆದು ವಿಷಕಾರಿ ಕ್ವಿನೋನ್ ಆಗಿ ಬದಲಿಸುತ್ತದೆ. ಆ ಕಿಣ್ವ ಇರುವುದು ಮೆಲನೊಸೈಟಿನಲ್ಲಾದ್ದರಿಂದ ಪೆಟ್ಟು ಬೀಳುವುದೂ ಅದಕ್ಕೇ.

ಉತ್ತರ: ಚರ್ಮರೋಗ ವೈದ್ಯೆ, ಮಂಜೇಶ್ವರ

ಮೇಲಿನ ವಿವರಣೆ ಸರಿಯಾಗಿದೆ, ಆದರೆ ಅದು ರೋಗದ ಮೊದಲ ಅಧ್ಯಾಯ ಮಾತ್ರ. ನಿಮ್ಮ ಬಂಧುಗಳು ಅಲ್ಲಿಗೇ ಓದು ನಿಲ್ಲಿಸಿದ್ದಾರೆ.

ಒತ್ತಡಕ್ಕೆ ಸಿಕ್ಕ ಮೆಲನೊಸೈಟ್ ಶಾಖ-ಆಘಾತ ಪ್ರೋಟೀನಿನಂಥ ಅಪಾಯಸೂಚಕಗಳನ್ನು ಹೊರಬಿಡುತ್ತದೆ, ಅವುಗಳಿಂದ ದೇಹದ ರಕ್ಷಣಾ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಆಮೇಲೆ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತದ ಪ್ರಭಾವದಲ್ಲಿ, ಆ ಸಂಕೇತವನ್ನು ಕೋಶದೊಳಗೆ ಸಾಗಿಸುವ ಜೆ.ಎ.ಕೆ. ಕಿಣ್ವಗಳ ಮೂಲಕ, ಸುತ್ತಲಿನ ಚರ್ಮಕೋಶಗಳೇ ಟಿ-ಕೋಶಗಳೆಂಬ ರಕ್ಷಣಾ ಕೋಶಗಳನ್ನು ಕರೆಸಿಕೊಳ್ಳುತ್ತವೆ. ಹೀಗೆ ಬಂದ ಸಿ.ಡಿ.8 ಎಂಬ ಬಗೆಯ ಟಿ-ಕೋಶಗಳು ಮೆಲನೊಸೈಟುಗಳನ್ನು ಕೊಲ್ಲುತ್ತವೆ, ಕೆಲವು ಆ ಜಾಗದಲ್ಲೇ ನೆಲೆಯೂರುತ್ತವೆ. ಬಣ್ಣ ಮರಳಿದ ಬಳಿಕ ಚಿಕಿತ್ಸೆ ನಿಲ್ಲಿಸಿದರೆ ಹಲವರಲ್ಲಿ ಮಚ್ಚೆ ಅದೇ ಜಾಗದಲ್ಲಿ ಮತ್ತೆ ಕಾಣುವುದು ಇದರಿಂದ. ಒಣ ಸೋಗೆಗೆ ಬೆಂಕಿ ಹತ್ತಿದ ಮೇಲೆ ಬೆಂಕಿಕಡ್ಡಿಯನ್ನು ಆರಿಸಿ ಪ್ರಯೋಜನವಿಲ್ಲವಷ್ಟೆ. ಹರಡುತ್ತಿರುವ ತೊನ್ನಿಗೆ ಬರಿಯ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಡುವುದೂ ಅಂಥದೇ ಕೆಲಸ.

311 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತ ಬಿ ಕಿರಣವು ಅಳತೆಯಲ್ಲಿ ಕೊಟ್ಟಾಗ ಚರ್ಮದೊಳಗಿನ ಟಿ-ಕೋಶಗಳನ್ನು ಹತ್ತಿಕ್ಕುತ್ತದೆ, ಜೊತೆಗೆ ಕೂದಲ ಬುಡದಲ್ಲಿ ಉಳಿದಿರುವ ಮೆಲನೊಸೈಟ್ ಮೂಲಕೋಶಗಳನ್ನು ಎಬ್ಬಿಸುತ್ತದೆ. ಬಣ್ಣ ಮೊದಲು ಕೂದಲ ಸುತ್ತ ಚುಕ್ಕೆಚುಕ್ಕೆಯಾಗಿ ಬರುವುದಕ್ಕೂ, ಕೂದಲಿಲ್ಲದ ಬೆರಳ ತುದಿಯಲ್ಲಿ ಬರಲೊಲ್ಲದಿರುವುದಕ್ಕೂ ಇದೇ ಕಾರಣ. ಆ ಕಿರಣ ಸ್ವಲ್ಪ ಉತ್ಕರ್ಷಣ ಒತ್ತಡವನ್ನು ಉಂಟುಮಾಡುತ್ತದೆ ಎಂಬ ನಿಮ್ಮ ಮಾತು ನಿಜವೇ. ಮಿತಿಯಲ್ಲಿ ಲಾಭವೇ ಮಿಗಿಲು, ಮಿತಿಮೀರಿ ಚರ್ಮ ಸುಟ್ಟರೆ ಸುಟ್ಟಲ್ಲೇ ಹೊಸ ಮಚ್ಚೆ ಏಳಬಹುದು.

ಮಾತ್ರೆಗಳನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಆಲ್ಫಾ ಲಿಪೊಯಿಕ್ ಆಮ್ಲ, ವಿಟಮಿನ್ ಇ ಮತ್ತು ಸಿ ಇರುವ ಮಿಶ್ರಣವನ್ನು ಬೆಳಕಿನ ಜೊತೆಗೆ ಕೊಟ್ಟಾಗ ಬೆಳಕೊಂದಕ್ಕಿಂತ ಉತ್ತಮ ಫಲ ಬಂದುದು 2007ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ ಕಂಡಿದೆ. ಆದರೆ ಕ್ಯಾಟಲೇಸಿನ ಕೆಲಸ ಮಾಡಲೆಂದೇ ರೂಪಿಸಿದ ಸ್ಯೂಡೊಕ್ಯಾಟಲೇಸ್ ಕ್ರೀಮು ಆರಂಭದಲ್ಲಿ ಬಹಳ ಆಸೆ ಹುಟ್ಟಿಸಿದರೂ, ನಂತರದ ನಿಯಂತ್ರಿತ ಪ್ರಯೋಗದಲ್ಲಿ ಹುಸಿ ಔಷಧಕ್ಕಿಂತ ಮೇಲೇರಲಿಲ್ಲ. ಅತ್ತ, ಜೆ.ಎ.ಕೆ. ಕಿಣ್ವಗಳನ್ನೇ ತಡೆಯುವ ರುಕ್ಸೊಲಿಟಿನಿಬ್ ಕ್ರೀಮಿಗೆ 2022ರಲ್ಲಿ ಅಮೆರಿಕದಲ್ಲಿ ಹನ್ನೆರಡು ವರ್ಷ ಮೇಲ್ಪಟ್ಟವರ ತೊನ್ನಿಗೆ ಮಂಜೂರಾತಿ ದೊರೆತಿದೆ.

ಹುಳಿಯ ವಿಚಾರ: ವಿಟಮಿನ್ ಸಿ ಪ್ರಯೋಗಶಾಲೆಯಲ್ಲಿ ಡೋಪಾಕ್ವಿನೋನನ್ನು ಅದರ ಹಿಂದಿನ ರೂಪವಾದ ಡೋಪಾ ಆಗಿ ಮರಳಿಸಿ ಮೆಲನಿನ್ ತಯಾರಿಗೆ ಅಡ್ಡಿಯಾಗುವುದುಂಟು. ಆದರೆ ಊಟದ ಪುನರ್ಪುಳಿ, ನೆಲ್ಲಿಕಾಯಿಗಳಿಂದ ತೊನ್ನು ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬೆಳೆಯುವ ಹುಡುಗಿಯ ತಟ್ಟೆಯಿಂದ ಅವನ್ನು ಕಿತ್ತುಕೊಳ್ಳಬೇಡಿ.

ಉತ್ತರ: ತಾಳವಾಡಿಯ ಸದಸ್ಯ

ನಮ್ಮ ಕಡೆ ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿಸುವ ರೂಢಿಯಿದೆ, ಅದರಿಂದ ಬಣ್ಣ ಬಂದವರನ್ನೂ ಕಂಡಿದ್ದೇನೆ. ಅಷ್ಟು ದೂರ ಹೋಗಿ ಬರಲಾರದವರು ಅದನ್ನೇಕೆ ಪ್ರಯತ್ನಿಸಬಾರದು?

ಉತ್ತರ: ಚರ್ಮರೋಗ ವೈದ್ಯೆ, ಮಂಜೇಶ್ವರ

ಬಾವಂಚಿಯಲ್ಲಿ ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುವ ಸೊರಾಲೆನ್ ಇದೆ, ಆದ್ದರಿಂದ ಆ ರೂಢಿಗೆ ಆಧಾರವಿಲ್ಲವೆನ್ನಲಾರೆ. ಆಸ್ಪತ್ರೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪುವಾ ಚಿಕಿತ್ಸೆಯೂ ಸೊರಾಲೆನ್ನಿನದೇ, ಅದರ ಜೊತೆ ನೇರಳಾತೀತ ಎ ಕಿರಣ ಕೊಡುತ್ತಾರೆ. ತೊಡಕಿರುವುದು ಅಳತೆಯಲ್ಲಿ. ಎಣ್ಣೆಯಲ್ಲಿ ಸೊರಾಲೆನ್ ಎಷ್ಟಿದೆ, ಬಿಸಿಲು ಎಷ್ಟು ತೀಕ್ಷ್ಣವಾಗಿದೆ ಎಂಬುದು ಗೊತ್ತಿಲ್ಲದೆ ಬೊಕ್ಕೆಯೆದ್ದು ಬಂದವರನ್ನು ನಾನು ನೋಡುತ್ತಲೇ ಇರುತ್ತೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಎರಡು ಸಂಶಯ ಉಳಿದಿವೆ. ಮಚ್ಚೆ ಚಪ್ಪಲಿಯ ಪಟ್ಟಿಯ ಕೆಳಗೆ ಆರಂಭವಾದುದರಿಂದ ರಬ್ಬರೇ ಕಾರಣವಿರಬಹುದೇ? ವಾರಕ್ಕೆರಡು ಸಲ ಮಂಗಳೂರಿಗೆ ಹೋದರೆ ಅವಳ ಶಾಲೆ ತಪ್ಪುತ್ತದೆ, ಇದಕ್ಕೆ ಬೇರೆ ದಾರಿಯಿದೆಯೇ?

ಉತ್ತರ: ಚರ್ಮರೋಗ ವೈದ್ಯೆ, ಮಂಜೇಶ್ವರ

ರಬ್ಬರಿನ ರಾಸಾಯನಿಕ ಇರಬಹುದು, ಪಟ್ಟಿಯ ನಿರಂತರ ಉಜ್ಜುವಿಕೆಯೂ ಇರಬಹುದು. ಮೊಣಕಾಲು, ಮೊಣಕೈಗಳೂ ಉಜ್ಜುವಿಕೆಗೆ ಒಳಗಾಗುವ ಜಾಗಗಳೇ. ಎರಡರಲ್ಲಿ ಯಾವುದೇ ಕಾರಣವಾಗಿರಲಿ, ಆ ಚಪ್ಪಲಿಯನ್ನು ಬಿಟ್ಟು ಬಿಗಿಯಿಲ್ಲದ ಬಟ್ಟೆಯ ಪಾದರಕ್ಷೆ ಹಾಕಿಸಿ. ಅಂಟಿನ ಬಿಂದಿಯ ಅಂಟಿನಲ್ಲೂ ಮೆಲನೊಸೈಟಿಗೆ ಪೆಟ್ಟು ಕೊಡಬಲ್ಲ ಇಂಥ ಫೀನಾಲ್ ಸಂಯುಕ್ತ ಇರುವುದುಂಟು, ಕುಂಕುಮವೇ ಲೇಸು. ಮನೆಯಲ್ಲೇ ಬಳಸಬಹುದಾದ ಕೈಹಿಡಿಯ ಬೆಳಕಿನ ಉಪಕರಣಗಳು ಈಗ ಸಿಗುತ್ತವೆ. ಮಚ್ಚೆಗಳು ಸಣ್ಣವಾಗಿದ್ದರೆ ನಿಮ್ಮ ತಜ್ಞರೊಡನೆ ಅದನ್ನು ಚರ್ಚಿಸಿ, ಆರಂಭದ ಪ್ರಮಾಣವನ್ನು ಅವರಿಂದಲೇ ಬರೆಸಿಕೊಳ್ಳಿ. ಫಲ ಕಾಣಲು ತಿಂಗಳುಗಳೇ ಬೇಕಾಗುತ್ತವೆ. ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಮುಂದಿನ ಭೇಟಿಯಲ್ಲಿ ಅದನ್ನೂ ಮಾಡಿಸಿ, ಏಕೆಂದರೆ ತೊನ್ನಿನ ಜೊತೆಗೆ ಥೈರಾಯ್ಡ್ ತೊಂದರೆ ಇರುವುದು ಸಾಮಾನ್ಯ. ನಿಮ್ಮ ಬಂಧುಗಳು ತಂದ ಮಾತ್ರೆಯ ಡಬ್ಬಿಯನ್ನು ನಿಮ್ಮ ತಜ್ಞರಿಗೆ ತೋರಿಸಿ. ಅದರಲ್ಲಿ ಗಿಂಕೊ ಎಂಬ ಸಸ್ಯದ ಸಾರ ಇದ್ದು, ರಕ್ತ ತೆಳುವಾಗಿಸುವ ಔಷಧವನ್ನೂ ಸೇವಿಸುತ್ತಿದ್ದರೆ ರಕ್ತಸ್ರಾವದ ಅಪಾಯವಿದೆ.